ಉದ್ದಕ್ಕನ ಗೇಣು

ನಮ್ಮ ಬೀದಿಯಲ್ಲಿ ಲಾಂಡ್ರಿ ನಡೆಸುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಬಲ್ಲವರು ಕಡಿಮೆ, ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಉದ್ದಕ್ಕ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಹಾಗೆಯೇ ಕರೆಯುತ್ತಾರೆ. ತಲೆಯೆತ್ತಿ ಮಾತಾಡಿಸಬೇಕಾದವರನ್ನು ಅಕ್ಕ ಅನ್ನದೆ ಇನ್ನೇನು ಅನ್ನುವುದು ಎಂದು ಅವರ ವಾದ.

ಅವಳ ಎತ್ತರ ಆರಡಿಗೂ ಮಿಕ್ಕಿದ್ದು. ಇಂಥ ಹೆಂಗಸೊಬ್ಬಳು ಬಂದಾಳೆಂದು ಬಡಗಿಗಳಾಗಲಿ ಗಾರೆಯವರಾಗಲಿ ಎಣಿಸಿರುವುದಿಲ್ಲ. ಲಾಂಡ್ರಿಯ ಹಿಂಬಾಗಿಲ ಚೌಕಟ್ಟಿನ ಮೇಲುಪಟ್ಟಿಯಲ್ಲಿ ಬಣ್ಣ ಹೋದ ಒಂದು ಜಾಗವಿದೆ. ಅದು ಅವಳ ಹಣೆಯ ಗುರುತು. ಬಚ್ಚಲಿನ ಕನ್ನಡಿ ಅವಳನ್ನು ಗಲ್ಲದಿಂದ ಕೆಳಗೆ ಮಾತ್ರ ತೋರಿಸುತ್ತದೆ. ಬಸ್ಸಿನಲ್ಲಿ ಕೂತರೆ ಅವಳ ಮಂಡಿ ಮುಂದಿನವರ ಬೆನ್ನಿಗೆ ಒತ್ತುತ್ತದೆ. ಚಿಕ್ಕಂದಿನಿಂದ ಅವಳು ಕೇಳಿಕೊಂಡು ಬಂದ ಬುದ್ಧಿಮಾತು ಒಂದೇ: "ಸ್ವಲ್ಪ ಹೊಂದ್ಕೊಂಡ್ ಹೋಗು." ನಮ್ಮ ಭಾಷೆಯಲ್ಲಿ ಹೊಂದಿಸು ಎಂಬ ಮಾತೂ ಇದೆ, ಹೊಂದಿಕೋ ಎಂಬ ಮಾತೂ ಇದೆ. ಮೊದಲನೆಯದನ್ನು ಯಂತ್ರಗಳ ವಿಷಯದಲ್ಲಿಯೂ ಎರಡನೆಯದನ್ನು ಹೆಣ್ಣುಮಕ್ಕಳ ವಿಷಯದಲ್ಲಿಯೂ ಬಳಸುವುದು ರೂಢಿ. ಉದ್ದಕ್ಕನೂ ಬಗ್ಗಿ, ಮಡಚಿಕೊಂಡು, ಓರೆಯಾಗಿ ಹೇಗೋ ಹೊಂದಿಕೊಂಡೇ ಬಂದಿದ್ದಳು.

ಅವಳ ಗಂಡ ಅವಳ ಭುಜದ ಮಟ್ಟಕ್ಕೆ ಬರುತ್ತಾನೆ. ಇಸ್ತ್ರಿಯಲ್ಲಿ ಪಳಗಿದ ಕೈ, ಮಾತಿನಲ್ಲಿ ಹಗುರ. ಮದುವೆಯಾದ ಹೊಸತರಲ್ಲಿ ಯಾರೋ ಕೆಣಕಿದಾಗ, "ನಮ್ಮನೇಲಿ ಅಟ್ಟಕ್ಕೆ ಏಣಿ ಹಾಕೋ ಕೆಲಸ ಇಲ್ಲ, ನಿಮ್ಮನೇಲಿ ಇದೆ ತಾನೆ?" ಎಂದು ಕೇಳಿದ್ದನಂತೆ. ಬಟ್ಟೆ ಮಡಚುವುದು ಅವನ ತಮ್ಮನ ಕೆಲಸ. ಅಂಗಡಿಯ ಮುಂದಿನ ಕೌಂಟರಿನಲ್ಲಿ ಕೂರುವವರು ಅತ್ತೆ. ಅದು ಮೆಟ್ಟಿಲ ಅಡಿಯ ಜಾಗ. ಅತ್ತೆಗೆ ಅಲ್ಲಿ ಧಾರಾಳ, ಉದ್ದಕ್ಕನಾದರೆ ಅಲ್ಲಿ ಕತ್ತು ಮುರಿದುಕೊಂಡು ಕೂರಬೇಕು.

ಲಾಂಡ್ರಿಯ ಮುಖ್ಯ ಗಿರಾಕಿ ಒಂದು ಆಸ್ಪತ್ರೆ. ಹಾಸಿಗೆಯ ಹೊದಿಕೆ, ದಿಂಬಿನ ಗವಸು, ಪರದೆ, ಬಿಳಿ ಕೋಟು ಎಲ್ಲವನ್ನೂ ದಿನಾ ಬೆಳಗ್ಗೆ ಒಯ್ದು ಕೊಡಬೇಕು. ಮೊದಲು ಗಂಡನೇ ಗಂಟುಗಳನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ. ಒಂದು ದಿನ ಸೇತುವೆಯ ಇಳಿಜಾರಿನಲ್ಲಿ ಗಂಟುಗಳು ಒಂದು ಕಡೆ ವಾಲಿದವು, ಅವನು ಇನ್ನೊಂದು ಕಡೆ ವಾಲಿ ಸರಿಮಾಡಲು ಹೋದ, ಕೊನೆಗೆ ಎಲ್ಲರೂ ಸೇರಿ ಚರಂಡಿಗೆ ಬಿದ್ದರು. "ಹೊದಿಕೆ ಮತ್ತೆ ಒಗೀಬಹುದು. ನನ್ನ ಹೆದರಿಕೆ ಒಗೆದ್ರೆ ಹೋಗಲ್ಲ" ಎಂದು ಅವನು ಕೀಲಿಯನ್ನು ಮೊಳೆಗೆ ನೇತುಹಾಕಿಬಿಟ್ಟ.

ಆಮೇಲೆ ಬಂದದ್ದು ಮೂರು ಗಾಲಿಯ ಗಾಡಿ. ಮುಂದಿನಿಂದ ನೋಡಿದರೆ ಮೋಟರ್ ಸೈಕಲ್ಲು, ಹಿಂದಿನಿಂದ ನೋಡಿದರೆ ತಳ್ಳುಗಾಡಿ. ಹಿಂದಿನ ಎರಡು ಗಾಲಿಗಳ ಮೇಲೆ ತಗಡಿನ ಪೆಟ್ಟಿಗೆ. ಎಷ್ಟು ಹೇರಿದರೂ ವಾಲುವುದಿಲ್ಲ, ಕಾಲೂರದೆ ನಿಲ್ಲುತ್ತದೆ, ವ್ಯಾನು ಹೋಗದ ಓಣಿಯಲ್ಲಿಯೂ ಹೋಗುತ್ತದೆ. ಆಸ್ಪತ್ರೆಯ ಹಿಂಬದಿಯ ಗೇಟಿಗೆ ಹೋಗಲು ಅಂಥ ಓಣಿಯೇ ದಾರಿ. ಗಂಡ ಅದನ್ನು ಮುಟ್ಟಲಿಲ್ಲ, ಮೈದುನ ಬೆಳಗ್ಗೆ ಏಳುವವನಲ್ಲ. ಉದ್ದಕ್ಕ ಶಾಲೆಯ ಮೈದಾನದಲ್ಲಿ ಓಡಿಸಲು ಕಲಿತು ತಾನೇ ಹೊರಟಳು. ಹೋಗಿ ಬಂದ ಮೊದಲ ದಿನವೇ ಅವಳಿಗೆ ಅದರ ರುಚಿ ಹತ್ತಿತು. ಅವಳು ಮಾಡುವ ಕೆಲಸಗಳಲ್ಲಿ ತಲೆಯ ಮೇಲೆ ಚಾವಣಿ ಇಲ್ಲದ ಕೆಲಸ ಅದೊಂದೇ ಆಗಿತ್ತು.

ಆದರೆ ಗಾಡಿಯನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಮಧ್ಯಮ ಅಳತೆಯ ಮನುಷ್ಯ. ಉದ್ದಕ್ಕ ಕೂತರೆ ಅವಳ ಮಂಡಿಗಳು ಹ್ಯಾಂಡಲ್ಲಿನ ಮಟ್ಟಕ್ಕೆ ಬರುತ್ತಿದ್ದವು. ಅವನ್ನು ಕಪ್ಪೆಯ ಹಾಗೆ ಅಗಲಿಸಿಕೊಂಡು ಓಡಿಸಬೇಕು. ನೇರ ದಾರಿಯಲ್ಲಿ ಹೇಗೋ ನಡೆಯುತ್ತಿತ್ತು. ಎಡಕ್ಕೆ ತಿರುಗಿಸಿದರೆ ಹ್ಯಾಂಡಲ್ಲಿನ ಎಡತುದಿ ಹಿಂದಕ್ಕೆ ಬಂದು ಮಂಡಿಗೆ ತಾಗುತ್ತಿತ್ತು. ಹಾರ್ನಿನ ಗುಂಡಿ ಇದ್ದದ್ದು ಸರಿಯಾಗಿ ಅಲ್ಲಿಯೇ. ಹೀಗಾಗಿ ಅವಳು ಎಡಕ್ಕೆ ತಿರುಗಿದಾಗಲೆಲ್ಲ ಗಾಡಿ ಕೂಗಿಕೊಳ್ಳುತ್ತಿತ್ತು. ಬೀದಿಯವರು ಹಾಸಿಗೆಯಲ್ಲಿ ಮಲಗಿಯೇ, "ಹೂಂ, ಉದ್ದಕ್ಕ ಮೂಲೆ ದಾಟಿದ್ಲು" ಎಂದು ಹೇಳುವಂತಾಯಿತು. ಇನ್ನು ಬಲಕ್ಕೆ ತಿರುಗಿದರೆ ಒಮ್ಮೊಮ್ಮೆ ಇಂಜಿನ್ನೇ ನಿಂತುಹೋಗುತ್ತಿತ್ತು, ಅದೂ ಹೆಚ್ಚಾಗಿ ಸೇತುವೆಯ ತಿರುವಿನಲ್ಲಿ. ಪ್ಲಗ್ಗು ಬದಲಾಯಿಸಿದ್ದಾಯಿತು, ಕಾರ್ಬುರೇಟರ್ ತೊಳೆಸಿದ್ದಾಯಿತು. ಗಾಡಿ ತನ್ನ ಚಾಳಿ ಬಿಡಲಿಲ್ಲ.

ಹಾರ್ನಿನ ಸುದ್ದಿ ಬೀದಿಯಲ್ಲಿ ನಗೆಯಾಗಿತ್ತು, ಆಸ್ಪತ್ರೆಯಲ್ಲಿ ದೂರಾಯಿತು. ಹಿಂಬದಿಯ ಗೇಟು ಓಣಿಯ ಎಡಕ್ಕೆ, ಗೇಟಿನ ಎದುರಿಗೇ ರೋಗಿಗಳ ವಾರ್ಡು. ರಾತ್ರಿಯೆಲ್ಲ ನರಳಿ ಬೆಳಗಿನ ಜಾವ ಕಣ್ಣು ಮುಚ್ಚಿದವರು ಈ ಸದ್ದಿಗೆ ಬೆಚ್ಚಿ ಏಳುತ್ತಿದ್ದರು. ಆಸ್ಪತ್ರೆಯ ಮೇಟ್ರನ್ ಒಂದು ದಿನ ಉದ್ದಕ್ಕನನ್ನು ತಡೆದು ನಿಲ್ಲಿಸಿದಳು.

"ಹಾರ್ನ್ ಹೊಡೀಬಾರ್ದು ಅಂತ ಬೋರ್ಡ್ ಇದೆ. ನಿಮ್ಮ ಕಣ್ಣಿನ ಮಟ್ಟಕ್ಕೇ ಇದೆ. ಕಾಣಲ್ವಾ?"

"ಕಾಣತ್ತೆ ಸಿಸ್ಟರ್. ನಾನು ಹೊಡೆಯಲ್ಲ, ನನ್ನ ಮಂಡಿ ಹೊಡೆಯತ್ತೆ."

"ಹಾಗಾದ್ರೆ ಮಂಡಿಗೆ ಓದೋಕೆ ಕಲಿಸಿ" ಎಂದಳು ಮೇಟ್ರನ್. ಅವಳು ನಗುತ್ತಿರಲಿಲ್ಲ. "ಈ ತಿಂಗಳು ಮುಗಿಯೋವರೆಗೆ ನೋಡ್ತೀನಿ. ಆಮೇಲೆ ಬೇರೆ ಯಾರಾದ್ರೂ ಗಾಡಿ ತರಲಿ. ಇಲ್ಲಾಂದ್ರೆ ನಾವು ಬೇರೆ ಲಾಂಡ್ರಿ ನೋಡ್ಕೋತೀವಿ."

ಮನೆಯಲ್ಲಿ ಪಂಚಾಯಿತಿ ಸೇರಿತು. ಹಾರ್ನಿನ ತಂತಿಯನ್ನೇ ಕಿತ್ತುಹಾಕು ಎಂದ ಗಂಡ. ಕಿತ್ತದ್ದೂ ಆಯಿತು. ಅದೇ ದಿನ ಓಣಿಯ ಕುರುಡು ತಿರುವಿನಲ್ಲಿ ಎದುರಿಗೆ ಸೈಕಲ್ಲಿನವನೊಬ್ಬ ಬಂದು ಇನ್ನೇನು ಗುದ್ದುವುದರಲ್ಲಿದ್ದ. ಉದ್ದಕ್ಕ ಅಲ್ಲಿಯೇ ಗಾಡಿ ನಿಲ್ಲಿಸಿ ತಂತಿಯನ್ನು ಮತ್ತೆ ಸಿಕ್ಕಿಸಿದಳು. ಮೈದುನನನ್ನು ಒಮ್ಮೆ ಗಾಡಿಯ ಮೇಲೆ ಕೂರಿಸಿ ನೋಡಿದರು. ಅವನಿಗೆಂದೇ ಹೊಲಿದ ಅಂಗಿಯ ಹಾಗೆ ಒಪ್ಪಿತು. ಹಾರ್ನೂ ಇಲ್ಲ, ಇಂಜಿನ್ ನಿಲ್ಲುವುದೂ ಇಲ್ಲ.

"ಇನ್ನೇನು ಮತ್ತೆ" ಎಂದರು ಅತ್ತೆ. "ಗಾಡಿ ಅವನು ಓಡಿಸ್ಲಿ. ನೀನು ಬಂದು ಕೌಂಟರಲ್ಲಿ ಕೂತ್ಕೋ. ನನ್ನ ಸೊಂಟಕ್ಕೂ ಒಂದಿಷ್ಟು ರಜೆ ಸಿಗತ್ತೆ."

"ಅಲ್ಲಿ ನಂಗೆ ತಲೆ ಎತ್ತೋಕಾಗಲ್ಲ ಅತ್ತೆ."

"ತಲೆ ಎತ್ತಿ ಏನು ನೋಡ್ಬೇಕಾಗಿದೆ? ಗಿರಾಕಿಗಳು ನನ್ನಷ್ಟೇ ಎತ್ತರ ಇರ್ತಾರೆ. ಸ್ವಲ್ಪ ಹೊಂದ್ಕೊಂಡ್ರೆ ಆಯ್ತು."

ಅತ್ತೆ ಕೆಟ್ಟವರಲ್ಲ, ಅವರ ಸೊಂಟ ನಿಜವಾಗಿಯೂ ಹಿಡಿದುಕೊಂಡಿತ್ತು. ಉದ್ದಕ್ಕನಿಗೆ ಬೆಂಬಲ ಬಂದದ್ದು ಅವಳು ಎಣಿಸಿರದ ಕಡೆಯಿಂದ. ಹಿಂದಿನ ಕೋಣೆಯಲ್ಲಿ ಹೊದಿಕೆ ಮಡಚುತ್ತಿದ್ದಾಗ ಮೈದುನ ತಗ್ಗಿದ ದನಿಯಲ್ಲಿ ಹೇಳಿದ, "ಅತ್ತಿಗೆ, ಹೇಗಾದ್ರೂ ಮಾಡಿ ಆ ಗಾಡೀನ ಸರಿ ಮಾಡ್ಸಿ. ಬೆಳಗಿನ ಜಾವದ ನಿದ್ದೆ ಬಿಟ್ರೆ ನಂಗೆ ಬೇರೆ ಆಸ್ತಿ ಇಲ್ಲ. ಅದು ನಿಮ್ಮ ಕೈಲಿದೆ."

ಬೀದಿಯ ಕೊನೆಯಲ್ಲಿ ಚೋಟು ಮೇಸ್ತ್ರಿಯ ಗ್ಯಾರೇಜಿದೆ. ಆಳು ಚೋಟುದ್ದ ಎಂದು ಹೆಸರು ಬಂತೋ, ಯಾವ ಅಳತೆ ಕೇಳಿದರೂ ಕೈಯನ್ನೇ ಚಾಚುತ್ತಾನೆಂದು ಬಂತೋ ಹೇಳಲಾರೆ. ಅವನ ಬಳಿ ಟೇಪು ಇಲ್ಲವೆಂದಲ್ಲ. ಅದು ಯಾವಾಗಲೂ ಯಾವುದೋ ಟೈರಿನ ಅಡಿಯಲ್ಲಿರುತ್ತದೆ. ಹುಡುಕುವ ಹೊತ್ತಿಗೆ ಕೆಲಸ ಮುಗಿಯುತ್ತದೆ ಎಂದು ಅವನು ಗೇಣು, ಚೋಟು, ಬೆರಳುಗಳಲ್ಲಿಯೇ ಕಾಲ ಹಾಕಿದ್ದ. ಅದರಿಂದ ಕೆಲಸ ಕೆಟ್ಟದ್ದೂ ಇರಲಿಲ್ಲ, ಏಕೆಂದರೆ ಅಳೆಯುವ ಕೈಯೂ ಕತ್ತರಿಸುವ ಕೈಯೂ ಅವನದೇ ಆಗಿರುತ್ತಿತ್ತು.

ಉದ್ದಕ್ಕ ಗಾಡಿಯನ್ನು ಅವನ ಅಂಗಳಕ್ಕೆ ತಂದಳು. ಮೇಸ್ತ್ರಿ ಒಂದು ಹಳೆಯ ಟೈರಿನ ಮೇಲೆ ಕೂತು, "ಒಂದು ಸುತ್ತು ಹೊಡೀರಿ ಅಕ್ಕ" ಎಂದ. ಅವಳು ಎಡಕ್ಕೆ ತಿರುಗಿದಳು, ಹಾರ್ನ್ ಆಯಿತು. ಬಲಕ್ಕೆ ತಿರುಗಿದಳು, ಇಂಜಿನ್ ನಿಂತಿತು. ಇನ್ನೊಂದು ಸಲ ಹೊಡೆಸಿದ. ಮತ್ತೆ ಹಾಗೆಯೇ. ಅವನು ಎದ್ದು ಬಂದು ಹ್ಯಾಂಡಲ್ಲಿನ ಬಲತುದಿಯ ಕೆಂಪು ಗುಂಡಿಯನ್ನು ತೋರಿಸಿದ. ಅದು ಇಂಜಿನ್ ಬಂದ್ ಮಾಡುವ ಗುಂಡಿ.

"ಅಕ್ಕ, ನಿಮ್ಮ ಗಾಡಿಗೆ ಯಾವ ರೋಗಾನೂ ಇಲ್ಲ. ಎಡಗಡೆ ಮಂಡಿ ಕೂಗ್ಸತ್ತೆ, ಬಲಗಡೆ ಮಂಡಿ ಬಾಯಿ ಮುಚ್ಸತ್ತೆ."

"ಅಂದ್ರೆ ಇಷ್ಟು ದಿನ ಪ್ಲಗ್ಗು ಬದಲಾಯಿಸಿದ್ದು?"

"ಪ್ಲಗ್ಗಿಗೆ ಒಳ್ಳೇದಾಯ್ತು ಬಿಡಿ."

ಗಾಡಿಯನ್ನು ನೆಚ್ಚುವ ಹಾಗೆ ಮಾಡುವುದೂ ಒಂದೇ, ಅವಳಿಗೆ ಕೂರಲು ಹಿತವಾಗುವಂತೆ ಮಾಡುವುದೂ ಒಂದೇ ಎಂದು ಅಂದು ಗೊತ್ತಾಯಿತು. ಸೀಟು ಹಿಂದಕ್ಕೆ ಹೋಗಬೇಕು, ಕಾಲಿಡುವ ಕಂಬಿಗಳು ಮುಂದಕ್ಕೆ ಬರಬೇಕು. ಎಷ್ಟು ಎಂಬುದನ್ನು ಮನೆಗೆ ಹೋಗಿ ನೆಮ್ಮದಿಯಾಗಿ ಕೂತು ನೋಡಿ ಹೇಳಿ ಎಂದ ಮೇಸ್ತ್ರಿ. ಅವಳು ಮನೆಯ ಮುಂದೆ ಗಾಡಿಯ ಮೇಲೆ ಕೂತು, ಹಿಂದಕ್ಕೆ ಜರುಗಿ, ಕಾಲು ಚಾಚಿ, ಕೈಯಿಂದ ಅಳೆದು ಫೋನು ಮಾಡಿದಳು.

"ಮೇಸ್ತ್ರಿ, ಸೀಟು ಒಂದು ಗೇಣು ಹಿಂದಕ್ಕೆ. ಕಾಲಿಡೋದು ಒಂದು ಗೇಣು ಮುಂದಕ್ಕೆ."

"ಒಂದೊಂದು ಗೇಣು ತಾನೆ? ಆಯ್ತು ಅಕ್ಕ. ರಜೆ ದಿನ ಗಾಡಿ ತಂದು ಬಿಟ್ಟುಹೋಗಿ."

ಲಾಂಡ್ರಿಗೆ ರಜೆಯಿದ್ದ ದಿನ ಮೇಸ್ತ್ರಿ ಇಡೀ ಹಗಲು ದುಡಿದ. ಸೀಟಿನ ತಳದ ಪಟ್ಟಿಯನ್ನು ಕೊಯ್ದು ಹಿಂದಕ್ಕೆ ಬೆಸುಗೆ ಹಾಕಿದ. ಕಾಲಿಡುವ ಕಂಬಿಗಳಿಗೆ ಮುಂದೆ ಹೊಸ ಆಧಾರ ಮಾಡಿದ. ಕಾಲು ಮುಂದೆ ಹೋದರೆ ಗೇರೂ ಬ್ರೇಕೂ ಮುಂದೆ ಹೋಗಬೇಕಲ್ಲ, ಅವಕ್ಕೆ ಉದ್ದನೆಯ ಸರಳು ಜೋಡಿಸಿದ. ಬೆಸುಗೆಯ ಮೇಲೆ ಕಪ್ಪು ಬಣ್ಣವನ್ನೂ ಬಳಿದ. ಸಂಜೆ ಗಾಡಿ ನೋಡಲು ಲಾಂಡ್ರಿಯ ಸಂಸಾರವೆಲ್ಲ ಬಂತು, ಅತ್ತೆ ಸೊಂಟ ಹಿಡಿದುಕೊಂಡೇ ಬಂದರು.

ಉದ್ದಕ್ಕ ಕೂತಳು, ಎಡಕ್ಕೆ ತಿರುಗಿಸಿದಳು. ಹಾರ್ನ್ ಕೂಗಿತು.

"ಮೇಸ್ತ್ರಿ, ನಾನು ಒಂದು ಗೇಣು ಹೇಳಿದ್ದೆ."

"ಒಂದು ಗೇಣೇ ಇಟ್ಟಿದೀನಿ."

"ಇದು ಒಂದು ಗೇಣಾ?"

"ಮತ್ತೆ ಏನು, ಮೊಳನಾ? ನೋಡಿ ಬೇಕಾದ್ರೆ." ಅವನು ಸೀಟಿನ ಬೋಲ್ಟಿನ ಹಳೆಯ ತೂತಿನಿಂದ ಹೊಸ ತೂತಿಗೆ ಕೈ ಚಾಚಿ ತೋರಿಸಿದ. ಹೆಬ್ಬೆರಳಿನಿಂದ ಕಿರುಬೆರಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಉದ್ದಕ್ಕ ಅದೇ ಜಾಗದಲ್ಲಿ ತನ್ನ ಕೈಯಿಟ್ಟಳು. ಅವಳ ಹೆಬ್ಬೆರಳು ಹಳೆಯ ತೂತಿನಲ್ಲಿತ್ತು, ಕಿರುಬೆರಳು ಹೊಸ ತೂತನ್ನು ದಾಟಿ ಸೀಟಿನ ತುದಿಯನ್ನು ಮುಟ್ಟುತ್ತಿತ್ತು. ಮೇಸ್ತ್ರಿ ತನ್ನ ಅಂಗೈಯನ್ನು ಅವಳ ಅಂಗೈಗೆ ಎದುರಾಗಿ ಹಿಡಿದ. ಅವನ ಬೆರಳುಗಳು ಅವಳ ಬೆರಳುಗಳ ಅರ್ಧಕ್ಕೇ ನಿಂತವು.

"ನಮ್ಮ ಸೊಸೆ ಗೇಣಲ್ಲಿ ಅಳೆದ್ರೆ ನಾನೂ ಚೋಟುದ್ದಾನೇ" ಎಂದರು ಅತ್ತೆ. ಗಂಡ ನಗಲು ಶುರು ಮಾಡಿದ, ಮೈದುನ ಸೇರಿಕೊಂಡ. ಕೊನೆಗೆ ಮೇಸ್ತ್ರಿಯೂ ತಲೆ ಕೆರೆದುಕೊಂಡು ನಕ್ಕ. ಉದ್ದಕ್ಕ ಮಾತ್ರ ನಗಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು.

"ಮೊದಲಿಗಿಂತ ವಾಸಿ ಅಲ್ವಾ ಅಕ್ಕ?" ಎಂದ ಮೇಸ್ತ್ರಿ. "ಇನ್ನೊಂಚೂರು ಹೊಂದ್ಕೊಂಡು ಕೂತ್ರೆ..."

"ಇಷ್ಟು ವರ್ಷ ನಾನೇ ಹೊಂದ್ಕೊಂಡಿದೀನಿ ಮೇಸ್ತ್ರಿ" ಎಂದಳು ಉದ್ದಕ್ಕ. ದನಿ ಏರಿರಲಿಲ್ಲ. "ಕೂತ ಕಡೆ, ನಿಂತ ಕಡೆ, ಮಲಗಿದ ಕಡೆ. ಈ ಒಂದು ಸಲ ಗಾಡಿ ಹೊಂದ್ಕೊಳ್ಲಿ."

ಮೇಸ್ತ್ರಿ ಅವಳ ಮುಖ ನೋಡಿದ, ಗಾಡಿ ನೋಡಿದ. ಆಮೇಲೆ ಒಳಗೆ ಹೋಗಿ ಇಟ್ಟಿಗೆಗಳನ್ನೂ ಒಂದು ಹಲಗೆಯನ್ನೂ ತಂದು ನೆಲದ ಮೇಲೆ ಜೋಡಿಸಿದ. "ಗಾಡಿ ಮರೆತುಬಿಡಿ. ನಿಮಗೆ ಹೇಗೆ ಕೂರೋಕೆ ಇಷ್ಟವೋ ಹಾಗೆ ಕೂತ್ಕೊಳ್ಳಿ" ಎಂದ. ಅವಳು ಹಲಗೆಯ ಮೇಲೆ ಕೂತು ಕಾಲನ್ನು ಇಟ್ಟಿಗೆಯ ಮೇಲಿಟ್ಟಳು. ಬಿಚ್ಚಿಟ್ಟ ಒಂದು ಹಳೆಯ ಹ್ಯಾಂಡಲ್ಲನ್ನು ಗಂಡ ಅವಳ ಮುಂದೆ ಗಾಳಿಯಲ್ಲಿ ಹಿಡಿದು ನಿಂತ. ಮೇಲೆ, ಕೆಳಗೆ, ಇನ್ನೂ ಹತ್ತಿರ ಎಂದು ಅವಳು ಹೇಳುತ್ತಾ ಹೋದಳು. ಅವನ ತೋಳು ನಡುಗತೊಡಗಿತು.

"ರೀ, ಅಲ್ಲಾಡಿಸ್ಬೇಡಿ."

"ನಾನು ಅಲ್ಲಾಡಿಸ್ತಿಲ್ಲ, ಇಂಜಿನ್ ಆನ್ ಆಗಿದೆ" ಎಂದ ಅವನು.

ಅವಳು "ಸಾಕು, ಇಲ್ಲೇ" ಎಂದಾಗ ಮೇಸ್ತ್ರಿ ಬದಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅವಳ ಬೆನ್ನು, ಮಂಡಿ, ಪಾದ, ಕೈಗಳ ಜಾಗವನ್ನು ಗುರುತು ಹಾಕಿದ. ಅವಳ ಕೈಯನ್ನು ಒಂದು ಕಬ್ಬಿಣದ ಸರಳಿನ ಮೇಲೆ ಚಾಚಿಸಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಸರಳನ್ನು ತುಂಡರಿಸಿಕೊಂಡ. "ಇನ್ಮೇಲೆ ನೀವು ಗೇಣು ಅಂದ್ರೆ ನಂಗೆ ಇದು" ಎಂದ.

ಅಂದು ರಾತ್ರಿಯೇ ಮತ್ತೆ ಕೆಲಸಕ್ಕಿಳಿದ ಮೇಸ್ತ್ರಿ ಈ ಸಲ ಸೀಟನ್ನು ಇನ್ನೂ ಹಿಂದಕ್ಕೆ ತಳ್ಳಲಿಲ್ಲ. ಭಾರವೆಲ್ಲ ಹಿಂದೆ ಹೋದರೆ ಸೇತುವೆ ಏರುವಾಗ ಮುಂದಿನ ಗಾಲಿ ಹಗುರಾಗಿ ಹಿಡಿತ ತಪ್ಪುತ್ತದೆ ಎಂದ. ಅದರ ಬದಲು ಸೀಟನ್ನು ಎತ್ತರಿಸಿದ, ಹ್ಯಾಂಡಲ್ಲನ್ನೂ ಎತ್ತರಿಸಿದ, ಕಂಬಿಗಳನ್ನು ಸರಳಿನ ಅಳತೆಗೆ ಮುಂದಕ್ಕೆ ಒಯ್ದ. ಸೀಟಿನ ಸ್ಪಂಜು ಕೂತಲ್ಲಿ ಕುಸಿಯುತ್ತದೆಂದು ಗಂಡ ಹರಿದ ಕಂಬಳಿಗಳನ್ನು ಪದರ ಪದರವಾಗಿ ಮಡಚಿ, ಇಸ್ತ್ರಿ ಹಾಕಿ ಗಟ್ಟಿಮಾಡಿ, ಮೇಲೆ ರೆಕ್ಸಿನ್ ಹೊಲಿದು ಕೊಟ್ಟ. ಕಾಣದ ಕಂಬಳಿಗೆ ಇಸ್ತ್ರಿ ಏಕೆಂದು ಅತ್ತೆ ಕೇಳಿದ್ದಕ್ಕೆ, "ಕೂತವಳಿಗೆ ಗೊತ್ತಾಗತ್ತೆ" ಎಂದ.

ಅಂಗಳದ ಸುತ್ತಿನಲ್ಲಿ ಎಡಕ್ಕೆ ತಿರುಗಿಸಿದಾಗ ಹಾರ್ನ್ ಆಗಲಿಲ್ಲ. ಆದರೆ ಬಲಕ್ಕೆ ತಿರುಗಿಸಿದ ಕೂಡಲೇ ಇಂಜಿನ್ ತಾನಾಗಿ ಕಿರುಚಿ ಗಾಡಿ ಮುಂದಕ್ಕೆ ನುಗ್ಗಿತು. ಮೈದುನ ಗೋಡೆ ಹತ್ತಿದ. ಹ್ಯಾಂಡಲ್ ಮೇಲೇರಿದ್ದರಿಂದ ಆಕ್ಸಿಲರೇಟರಿನ ಕೇಬಲ್ ಗಿಡ್ಡವಾಗಿತ್ತು, ತಿರುಗಿಸಿದರೆ ಜಗ್ಗುತ್ತಿತ್ತು. ಮೇಸ್ತ್ರಿ ದೊಡ್ಡ ಗಾಡಿಯೊಂದರ ಉದ್ದನೆಯ ಕೇಬಲ್ ಹುಡುಕಿ ತಂದು ಹಾಕಿದ, ಕ್ಲಚ್ಚಿನದನ್ನೂ ಅದರ ಜೊತೆಗೇ ಬದಲಾಯಿಸಿದ. ಆಮೇಲೆ ಅವಳು ಎಷ್ಟು ಸುತ್ತು ಹೊಡೆದರೂ ಗಾಡಿ ಬಾಯಿ ಬಿಡಲಿಲ್ಲ, ನಿಲ್ಲಲೂ ಇಲ್ಲ.

ಮರುದಿನ, ತಿಂಗಳ ಕೊನೆಯ ಬೆಳಗ್ಗೆ, ಉದ್ದಕ್ಕ ಪೆಟ್ಟಿಗೆ ತುಂಬಿಸಿಕೊಂಡು ಹೊರಟಳು. ಬೆನ್ನು ನೆಟ್ಟಗಿತ್ತು, ಮಂಡಿಗಳು ಅವುಗಳ ಜಾಗದಲ್ಲಿದ್ದವು. ಅವಳು ಮೂಲೆ ದಾಟಿದ್ದು ಬೀದಿಗೆ ತಿಳಿಯಲೇ ಇಲ್ಲ, ಅಂದು ತಡವಾಗಿ ಎದ್ದವರು ಬಹಳ. ಸೇತುವೆಯ ಬಲತಿರುವಿನಲ್ಲಿ ಇಂಜಿನ್ ನಿಲ್ಲಲಿಲ್ಲ. ಕುರುಡು ತಿರುವಿನಲ್ಲಿ ಬೇಕೆಂದೇ ಹೆಬ್ಬೆರಳಿನಿಂದ ಹಾರ್ನ್ ಹೊಡೆದಳು. ಗೇಟಿನ ಮುಂದೆ ಎಡಕ್ಕೆ ತಿರುಗಿಸಿದಳು. ಯಾವ ಸದ್ದೂ ಇಲ್ಲ. ವಾರ್ಡಿನ ಜಗಲಿಯಲ್ಲಿ ಮೇಟ್ರನ್ ಕೈಕಟ್ಟಿಕೊಂಡು ನಿಂತಿದ್ದಳು.

ಆದರೆ ಗೇಟು ಮುಚ್ಚಿತ್ತು. ಇಷ್ಟು ದಿನವೂ ವಾಚ್‌ಮನ್ ಗೇಟು ತೆಗೆಯುತ್ತಿದ್ದದ್ದು ಆ ಹಾರ್ನ್ ಕೇಳಿ ಎಚ್ಚರಗೊಂಡು. ಇಂದು ಅವನನ್ನು ಎಬ್ಬಿಸುವವರಿಲ್ಲ. ಗೂಡಿನೊಳಗೆ ಕುರ್ಚಿಯ ಮೇಲೆ ಟೋಪಿ ಮೂಗಿಗಿಳಿದು ಸುಖವಾಗಿ ಮಲಗಿದ್ದ. ಉದ್ದಕ್ಕನ ಹೆಬ್ಬೆರಳಿನ ಪಕ್ಕದಲ್ಲೇ ಹಾರ್ನಿತ್ತು, ಕಣ್ಣಿನ ಮಟ್ಟದಲ್ಲೇ ಬೋರ್ಡಿತ್ತು. ಕೂಗಿ ಕರೆದರೂ ವಾರ್ಡು ಏಳುತ್ತದೆ. ಮೇಟ್ರನ್ ಕದಲದೆ ನೋಡುತ್ತಿದ್ದಳು.

ಉದ್ದಕ್ಕ ಇಂಜಿನ್ ಆರಿಸಿದಳು. ಕಾಲಿಡುವ ಕಂಬಿಗಳ ಮೇಲೆ ಎದ್ದು ನಿಂತಳು. ಅವು ಈಗ ಎಷ್ಟು ಮುಂದಿದ್ದವೆಂದರೆ ಹ್ಯಾಂಡಲ್ಲಿನ ಮೇಲೆ ಬಾಗಿದರೆ ಅವಳ ಎದೆ ಗೇಟಿಗೆ ತಾಗುತ್ತಿತ್ತು. ಮೂರು ಗಾಲಿ ಅಲುಗದೆ ನಿಂತಿದ್ದವು. ಅವಳು ಗೇಟಿನ ಮೇಲಿನಿಂದ ತೋಳನ್ನು ಆಚೆಗೆ ಇಳಿಬಿಟ್ಟು, ಒಳಗಿನ ಅಗುಳಿಯನ್ನು ಎತ್ತಿ ಸರಿಸಿದಳು. ಗೇಟು ಕಿರ್ರೆಂದಿತು. ಆ ಸಣ್ಣ ಸದ್ದಿಗೆ ವಾಚ್‌ಮನ್ ಧಡಕ್ಕನೆ ಎದ್ದ.

"ಏನಕ್ಕ ಇದು, ಒಂದು ಹಾರ್ನ್ ಹೊಡೀಬಾರ್ದಾ?"

ಮೇಟ್ರನ್ ಮೆಟ್ಟಿಲಿಳಿದು ಬಂದಳು. ಮೊದಲು ಬೋರ್ಡು ನೋಡಿದಳು, ಆಮೇಲೆ ವಾಚ್‌ಮನ್ನನ್ನು. ಅವನು ಟೋಪಿ ಸರಿಮಾಡಿಕೊಂಡ.

"ನಿಮ್ಮ ಮಂಡಿ ಓದೋಕೆ ಕಲಿತ ಹಾಗಿದೆ" ಎಂದಳು ಉದ್ದಕ್ಕನಿಗೆ.

"ಕಲೀತು ಸಿಸ್ಟರ್. ಇಲ್ಲಿ ಇನ್ನೊಬ್ರಿಗೆ ಪಾಠ ಬಾಕಿ ಇದೆ."

ಮೇಟ್ರನ್ನಳ ತುಟಿ ಸ್ವಲ್ಪ ಅಲುಗಿತು. ನಕ್ಕಳೆಂದು ಹೇಳುವಷ್ಟಲ್ಲ. "ನಾಳೆಯಿಂದ ಗೇಟು ತೆಗೆದೇ ಇರತ್ತೆ" ಎಂದಳು. "ಗಾಡಿ ನೀವೇ ತನ್ನಿ."

ಆ ಸುದ್ದಿ ಕೇಳಿ ಮೈದುನ ಎಷ್ಟು ಖುಷಿಪಟ್ಟನೆಂದರೆ, ಅತ್ತೆಯ ಸೊಂಟದ ಸಲುವಾಗಿ ಮಧ್ಯಾಹ್ನದ ಹೊತ್ತು ಕೌಂಟರಿನಲ್ಲಿ ತಾನೇ ಕೂರುತ್ತೇನೆಂದು ಒಪ್ಪಿಕೊಂಡುಬಿಟ್ಟ. ಆ ಜಾಗ ಅವನಿಗೆ ಚೆನ್ನಾಗಿಯೇ ಒಗ್ಗಿದೆ, ಅಲ್ಲಿಯೂ ನಿದ್ದೆ ಬರುತ್ತದಂತೆ.

ಚೋಟು ಮೇಸ್ತ್ರಿಯ ಗ್ಯಾರೇಜಿನಲ್ಲಿ ಆ ಕಬ್ಬಿಣದ ಸರಳು ಈಗ ಮೊಳೆಗೆ ನೇತಾಡುತ್ತಿದೆ. ಊರಿನಲ್ಲಿ ಇಷ್ಟೊಂದು ಮಂದಿ ಎತ್ತರದವರು ಮಡಚಿಕೊಂಡು ಬದುಕುತ್ತಿದ್ದರೆಂದು ಮೊದಲು ಯಾರಿಗೂ ತಿಳಿದಿರಲಿಲ್ಲ. ಬ್ರೆಡ್ಡು ಹಂಚುವವನು ಬಂದ, ಗ್ಯಾಸ್ ಸಿಲಿಂಡರಿನವನು ಬಂದ, ಕೊಳಾಯಿ ಕೆಲಸದವಳೊಬ್ಬಳು ತನ್ನ ಮೂರು ಗಾಲಿಯ ಗಾಡಿಯನ್ನು ದೂರದಿಂದ ತಂದಳು. ಯಾರಾದರೂ ಫೋನಿನಲ್ಲಿ ಒಂದು ಗೇಣು ಎಂದರೆ ಮೇಸ್ತ್ರಿ ತಕ್ಷಣ ಒಪ್ಪುವುದಿಲ್ಲ. "ಯಾರ ಗೇಣು?" ಎಂದು ಕೇಳುತ್ತಾನೆ. "ನಿಮ್ದಾ, ನಂದಾ, ಉದ್ದಕ್ಕಂದಾ?" ಟೇಪು ಈಗಲೂ ಟೈರಿನ ಅಡಿಯಲ್ಲಿಯೇ ಇದೆ.

ಒಮ್ಮೆ ರುಚಿ ಕಂಡವಳು ಸುಮ್ಮನಿರುವುದಿಲ್ಲ. ಹೋದ ವಾರ ಉದ್ದಕ್ಕ ಗಾರೆಯವನನ್ನು ಕರೆಸಿ ಲಾಂಡ್ರಿಯ ಹಿಂಬಾಗಿಲ ಚೌಕಟ್ಟನ್ನು ಎತ್ತರಿಸಿದಳು. ಬಟ್ಟೆ ಮಡಚುವ ಮೇಜಿನ ಕಾಲಿಗೆ ಕಟ್ಟೆ ಕಟ್ಟಿಸಿದ್ದಾಳೆ, ಮೈದುನನಿಗೆ ನಿಂತು ಮಡಚಲು ಒಂದು ಮಣೆ ಕೊಡಿಸಿದ್ದಾಳೆ. ಬಚ್ಚಲಿನ ಕನ್ನಡಿಯ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ಇರುವಲ್ಲಿಯೇ ಬಿಡು ಎಂದು ಗಂಡನ ಕೋರಿಕೆ. ಈ ಮನೆಯಲ್ಲಿ ತನ್ನ ಮಟ್ಟಕ್ಕೆ ಉಳಿದಿರುವುದು ಅದೊಂದೇ ಎನ್ನುತ್ತಾನೆ.